ಗೋಡೆ ನಿಂತಿತು, ಬೆಟ್ಟ ಜಾರಿತು

1963ರ ಅಕ್ಟೋಬರ್ 9ರ ರಾತ್ರಿ ಉತ್ತರ ಇಟಲಿಯ ವಯೋಂಟ್ ಕಣಿವೆಯಲ್ಲಿ ಟೋಕ್ ಬೆಟ್ಟದ ಇಡೀ ಒಂದು ಮಗ್ಗುಲು ಜಲಾಶಯಕ್ಕೆ ಕಳಚಿ ಬಿದ್ದಿತು. ಸುಮಾರು 26 ಕೋಟಿ ಘನ ಮೀಟರ್ ಕಲ್ಲುಮಣ್ಣು ಜಾರಲು ಒಂದು ನಿಮಿಷವೂ ಹಿಡಿಯಲಿಲ್ಲ. ಉಕ್ಕಿದ ನೀರು ಅಣೆಕಟ್ಟನ್ನು ದಾಟಿ ಕೆಳಗಿದ್ದ ಲಾಂಗರೋನೆ ಪಟ್ಟಣವನ್ನು ಕೊಚ್ಚಿಕೊಂಡು ಹೋಯಿತು. ಸುಮಾರು 2,000 ಜನ ಸತ್ತರು. 260 ಮೀಟರಿಗೂ ಎತ್ತರದ ಕಾಂಕ್ರೀಟ್ ಗೋಡೆ ಮಾತ್ರ ಇಂದಿಗೂ ಗಟ್ಟಿಯಾಗಿ ನಿಂತಿದೆ.

ಗೋಡೆಯ ಲೆಕ್ಕ ಸರಿಯಾಗಿತ್ತು. ಬೆಟ್ಟದ ಲೆಕ್ಕ ತಪ್ಪಿತ್ತು. ಅಲ್ಲಿನ ಸುಣ್ಣದಕಲ್ಲಿನ ಪದರಗಳ ನಡುವೆ ತೆಳುವಾದ ಜೇಡಿಯ ಪದರಗಳಿದ್ದವು. ಜಲಾಶಯ ತುಂಬಿದಂತೆಲ್ಲ ನೀರು ಬೆಟ್ಟದೊಳಕ್ಕೆ ಹೊಕ್ಕು, ಅದರ ಒತ್ತಡದಿಂದ ಪದರಗಳ ಹಿಡಿತ ಸಡಿಲವಾಯಿತು. ಮುನ್ಸೂಚನೆಯೇ ಇರಲಿಲ್ಲ ಎನ್ನುವಂತಿಲ್ಲ. 1960ರಲ್ಲೇ ಒಂದು ಸಣ್ಣ ಕುಸಿತವಾಗಿ, ಬೆಟ್ಟದ ಮೈಮೇಲೆ ಉದ್ದನೆಯ ಬಿರುಕು ಮೂಡಿತ್ತು. ನೀರಿನ ಮಟ್ಟವನ್ನು ಏರಿಸಿ ಇಳಿಸಿ ಜಾರುವಿಕೆಯನ್ನು ಹತೋಟಿಯಲ್ಲಿ ಇಡಬಹುದೆಂದು ಹೊಣೆ ಹೊತ್ತವರು ನಂಬಿದ್ದರು. ಇಂಥ ನಂಬಿಕೆಗಳ ಬೆಲೆ ಕಣ್ಣಿಗೆ ಕಂಡ ಆ 1960ರ ದಶಕದಲ್ಲೇ ಪರಿಸರ ಭೂವಿಜ್ಞಾನ ಪ್ರತ್ಯೇಕ ಅಧ್ಯಯನವಾಗಿ ರೂಪು ತಳೆಯಿತು. ಎಲ್ಲಿ ಕಟ್ಟಬೇಕು, ಎಲ್ಲಿ ತೋಡಬೇಕು, ಎಲ್ಲಿ ಕಸ ಸುರಿಯಬಾರದು ಎಂದು ನೆಲವನ್ನೇ ಮೊದಲು ಕೇಳುವ ವಿದ್ಯೆ ಅದು.

ಅದರ ಬೇರು ಮಾತ್ರ ಬಹಳ ಹಳೆಯದು. ವೈದ್ಯಕೀಯ ಓದಿ ಬೇಸಾಯಕ್ಕೆ ಇಳಿದ ಸ್ಕಾಟ್ಲೆಂಡಿನ ಜೇಮ್ಸ್ ಹಟನ್, ಹೊಲದ ಮಣ್ಣು ಮಳೆಗೆ ಕೊಚ್ಚಿ ಕಡಲು ಸೇರುವುದನ್ನು ಗಮನಿಸಿದ. ಸವೆತ ಒಂದೇ ನಡೆಯುತ್ತಿದ್ದರೆ ನೆಲವೇ ಉಳಿಯುತ್ತಿರಲಿಲ್ಲ. ಹಾಗಾದರೆ ಕಡಲ ತಳದ ಹೂಳನ್ನು ಗಟ್ಟಿಮಾಡಿ ಮತ್ತೆ ಮೇಲೆತ್ತುವ ಶಕ್ತಿಯೊಂದು ಇರಲೇಬೇಕು ಎಂದು ತರ್ಕಿಸಿದ. 1785ರಲ್ಲಿ ಎಡಿನ್‌ಬರೊದಲ್ಲಿ ಅವನು ಮಂಡಿಸಿದ ಈ ವಾದದಲ್ಲಿ ಭೂಮಿ ಮೊದಲ ಬಾರಿಗೆ ತನ್ನನ್ನು ತಾನೇ ನವೀಕರಿಸಿಕೊಳ್ಳುವ ವ್ಯವಸ್ಥೆಯಾಗಿ ಕಾಣಿಸಿತು ಎನ್ನುವುದು ನನ್ನ ಅಭಿಪ್ರಾಯ. ಮೇಲೆತ್ತುವ ಆ ಶಕ್ತಿಯ ವಿವರ ಸಿಗಲು ಭೂಮಿಯ ಹೊರಪದರ ಮೆಲ್ಲನೆ ಚಲಿಸುವ ದೊಡ್ಡ ಹಲಗೆಗಳಾಗಿ ಒಡೆದಿದೆ ಎನ್ನುವ ಭೂಫಲಕಗಳ ಸಿದ್ಧಾಂತದವರೆಗೆ, ಅಂದರೆ ಮತ್ತೆ 1960ರ ದಶಕದವರೆಗೆ, ಕಾಯಬೇಕಾಯಿತು.

ಅಷ್ಟರಲ್ಲಿ ಅಧ್ಯಯನಗಳು ಹಂಚಿಹೋಗಿದ್ದವು: ಕಲ್ಲು ಒಬ್ಬರಿಗೆ, ನೀರು ಇನ್ನೊಬ್ಬರಿಗೆ, ಗಾಳಿ ಮತ್ತೊಬ್ಬರಿಗೆ. 1875ರಲ್ಲಿ ಆಸ್ಟ್ರಿಯಾದ ಭೂವಿಜ್ಞಾನಿ ಎಡ್ವರ್ಡ್ ಸ್ಯೂಸ್ ಜೀವಗೋಳಕ್ಕೆ, ಅಂದರೆ ಭೂಮಿಯ ಮೇಲೆ ಜೀವಿಗಳಿರುವ ಪದರಕ್ಕೆ, ಹೆಸರಿಟ್ಟ. ಜೀವಿಗಳು ಭೂಮಿಯ ಮೇಲೆ ಸುಮ್ಮನೆ ಬದುಕಿಲ್ಲ, ಅದರ ರಸಾಯನವನ್ನೇ ಬದಲಿಸುತ್ತಿವೆ ಎಂದು ರಷ್ಯಾದ ವ್ಲಾದಿಮಿರ್ ವೆರ್ನಾದ್‌ಸ್ಕಿ 1926ರಲ್ಲಿ ವಾದಿಸಿದ. ಅದಕ್ಕೆ ಕಣ್ಣಿಗೆ ಕಾಣುವಂಥ ಸಾಕ್ಷ್ಯ ದೊರೆತದ್ದು ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ. ಅಲ್ಲಿ ಚಾರ್ಲ್ಸ್ ಕೀಲಿಂಗ್ 1958ರಿಂದ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಅಳೆಯತೊಡಗಿದಾಗ ರೇಖೆ ಪ್ರತಿ ವರ್ಷ ಒಮ್ಮೆ ಏರಿ ಒಮ್ಮೆ ಇಳಿಯಿತು. ಉತ್ತರಾರ್ಧ ಗೋಳದ ಗಿಡಮರಗಳು ಬೇಸಿಗೆಯಲ್ಲಿ ಇಂಗಾಲವನ್ನು ಹೀರಿ, ಚಳಿಗಾಲದಲ್ಲಿ ಬಿಟ್ಟುಕೊಡುತ್ತಿದ್ದ ಗುರುತು ಅದು. ಆ ಏರಿಳಿತದ ಜೊತೆಗೇ ರೇಖೆ ವರ್ಷದಿಂದ ವರ್ಷಕ್ಕೆ ಮೇಲೆ ಸರಿಯುತ್ತಿತ್ತು. ಆಗ ಹತ್ತು ಲಕ್ಷ ಭಾಗದಲ್ಲಿ ಸುಮಾರು 315 ಇದ್ದದ್ದು ಈಗ 420ನ್ನು ಮೀರಿದೆ. ಬಂಡೆಗಳ ಶಿಥಿಲೀಕರಣವೂ, ಅಂದರೆ ಅವು ಮಳೆನೀರಿನೊಡನೆ ವರ್ತಿಸಿ ಸವೆಯುವುದೂ, ಗಾಳಿಯಿಂದ ಇಂಗಾಲವನ್ನು ತೆಗೆಯುತ್ತದೆ. ಆದರೆ ಆ ಕೆಲಸದ ಗಡಿಯಾರ ಲಕ್ಷಾಂತರ ವರ್ಷಗಳದ್ದು. ಈ ಎಲ್ಲ ಕೊಂಡಿಗಳನ್ನು ಒಂದೇ ನಕ್ಷೆಯಲ್ಲಿ ಜೋಡಿಸಿದ್ದು 1980ರ ದಶಕದಲ್ಲಿ ಫ್ರಾನ್ಸಿಸ್ ಬ್ರೆದರ್ಟನ್ ನೇತೃತ್ವದ ನಾಸಾ ಸಮಿತಿ. ಭೂ ವ್ಯವಸ್ಥಾ ವಿಜ್ಞಾನ ಎಂಬ ಹೆಸರು ನೆಲೆಯೂರಿದ್ದು ಆಗ.

ನಕ್ಷೆ ಸಿದ್ಧವಾಗುತ್ತಿದ್ದ ಕಾಲದಲ್ಲೇ ಬಾಂಗ್ಲಾದೇಶದಲ್ಲಿ ಒಂದು ಕೊಂಡಿ ಯಾರ ಗಮನಕ್ಕೂ ಬರದೆ ಉಳಿದಿತ್ತು. ಕೊಳಕು ಕೆರೆನೀರಿನಿಂದ ಹರಡುತ್ತಿದ್ದ ವಾಂತಿಭೇದಿಯಿಂದ ಮಕ್ಕಳನ್ನು ಉಳಿಸಲೆಂದು 1970ರ ದಶಕದಿಂದ ಅಲ್ಲಿ ಕೊಳವೆಬಾವಿಗಳನ್ನು ಕೊರೆಯಲಾಯಿತು. ಉದ್ದೇಶ ಒಳ್ಳೆಯದೇ. ನೀರೂ ತಿಳಿಯಾಗಿತ್ತು, ರೋಗಾಣುಗಳು ಇರಲಿಲ್ಲ. ಆದರೆ ಹಿಮಾಲಯದಿಂದ ನದಿಗಳು ಹೊತ್ತು ತಂದ ಮೆಕ್ಕಲಿನಲ್ಲಿ ಕಬ್ಬಿಣದ ಆಕ್ಸೈಡಿಗೆ ಅಂಟಿಕೊಂಡು ಆರ್ಸೆನಿಕ್ ಕೂತಿತ್ತು. ಆಮ್ಲಜನಕವಿಲ್ಲದ ಆಳದಲ್ಲಿ ಸೂಕ್ಷ್ಮಜೀವಿಗಳು ಸಾವಯವ ಪದಾರ್ಥವನ್ನು ತಿನ್ನುವಾಗ ಆ ಆಕ್ಸೈಡ್ ಕರಗಿ, ವಿಷ ನೀರಿಗೆ ಇಳಿಯುತ್ತಿತ್ತು. ಬೆಟ್ಟ, ನದಿ, ಜೀವಿ, ಅಂತರ್ಜಲ ಇವೆಲ್ಲ ಸೇರಿ ನಡೆಸಿದ ಕ್ರಿಯೆ ಇದು. ಆಗಿನ ನೀರಿನ ಪರೀಕ್ಷೆಗಳಲ್ಲಿ ಆರ್ಸೆನಿಕ್ ಹುಡುಕುವ ರೂಢಿಯೇ ಇರಲಿಲ್ಲ. 1993ರಲ್ಲಿ ಅಲ್ಲಿ ಅದು ದೃಢಪಡುವ ಹೊತ್ತಿಗೆ ಕೋಟ್ಯಂತರ ಜನ ಆ ನೀರನ್ನು ಕುಡಿಯುತ್ತಿದ್ದರು. ಅಂಗೈ, ಅಂಗಾಲುಗಳಲ್ಲಿ ಗಂಟುಗಟ್ಟಿದ ಚರ್ಮ ಅದರ ಗುರುತಾಯಿತು.

ಬಳಿಕ ಬಾವಿಗಳನ್ನು ಪರೀಕ್ಷಿಸಿ, ಕುಡಿಯಬಹುದಾದವಕ್ಕೆ ಹಸಿರು, ಕುಡಿಯಬಾರದವಕ್ಕೆ ಕೆಂಪು ಬಣ್ಣ ಬಳಿಯಲಾಯಿತು. ಹೆಚ್ಚು ಆಳದ ಹಳೆಯ ಪದರಗಳ ನೀರಿನಲ್ಲಿ ಸಾಮಾನ್ಯವಾಗಿ ಆರ್ಸೆನಿಕ್ ಕಡಿಮೆ. ಅದನ್ನು ಕುಡಿಯಲು ಮಾತ್ರ ಬಳಸಬೇಕೋ, ನೀರಾವರಿಗೂ ಎತ್ತಬಹುದೋ ಎಂಬುದು ಈಗಿನ ಚರ್ಚೆ. ಏಕೆಂದರೆ ಆಳದಿಂದ ಮಿತಿಮೀರಿ ನೀರೆತ್ತಿದರೆ ಮೇಲಿನ ವಿಷದ ನೀರು ಕೆಳಕ್ಕೆ ಇಳಿಯುವ ಅಪಾಯವಿದೆ.