ಹಬೆಯನ್ನು ಒಣಗಿಸಿದ ಕಥೆ

1829ರಲ್ಲಿ ಸ್ಟೀಫನ್‌ಸನ್ ಅವರ 'ರಾಕೆಟ್' ಅನ್ನುವ ರೈಲು ಎಂಜಿನ್ ಓಡಿತು, ಆಮೇಲೆ ನೂರು ವರ್ಷ ಅದನ್ನೇ ದೊಡ್ಡದು ಮಾಡುತ್ತಾ ಹೋದರು, ಕೊನೆಗೆ ಡೀಸೆಲ್ ಬಂತು. ಸ್ಟೀಮ್ ಎಂಜಿನ್ ಕಥೆಯನ್ನು ಸಾಮಾನ್ಯವಾಗಿ ಹೀಗೇ ಮುಗಿಸಿಬಿಡುತ್ತಾರೆ. ನನಗೆ ಇದು ಸುತರಾಂ ಒಪ್ಪಿಗೆಯಿಲ್ಲ. 1898ರಿಂದ 1910ರ ನಡುವೆ ಈ ಎಂಜಿನ್ನಿನ ಹೊಟ್ಟೆಯೊಳಗೆ ಭಾರಿ ಬದಲಾವಣೆಯೊಂದು ಆಯಿತು. ಹೊರಗಿನಿಂದ ನೋಡಿದವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಆದರೆ ಕಲ್ಲಿದ್ದಲಿನ ಖರ್ಚು ಹೆಚ್ಚುಕಡಿಮೆ ಕಾಲು ಭಾಗ ಇಳಿಯಿತು. ಮಾಡಿದ್ದೇನು? ಹಬೆಯನ್ನು ಒಣಗಿಸಿದರು.

ಹಬೆ ಅಂದರೇನೇ ಒದ್ದೆ, ಅದನ್ನು ಒಣಗಿಸುವುದು ಹೇಗೆ ಅಂತ ಕೇಳಬಹುದು. ಚಿಮಣಿಯಿಂದ ಬುಸುಬುಸು ಬರುವ ಬಿಳಿ ಮೋಡ ಹಬೆಯೇ ಅಲ್ಲ, ಅದು ಸಣ್ಣ ಸಣ್ಣ ನೀರ ಹನಿ. ನಿಜವಾದ ಹಬೆ ಕಣ್ಣಿಗೆ ಕಾಣುವುದಿಲ್ಲ. ಬಾಯ್ಲರಿನೊಳಗೆ ಒತ್ತಡ ಗಾಳಿಯ ಒತ್ತಡದ 12 ಪಟ್ಟು ಇದೆ ಅಂತಿಟ್ಟುಕೊಳ್ಳಿ. ಅಲ್ಲಿ ನೀರು ಕುದಿಯುವುದು ಸುಮಾರು 190 ಡಿಗ್ರಿಯಲ್ಲಿ. ಕುದಿಯುವ ನೀರಿನ ಜೊತೆಗೇ ಇರುವ ಹಬೆಯೂ ಅಷ್ಟೇ ಬಿಸಿ, ಅದಕ್ಕಿಂತ ಜಾಸ್ತಿ ಇಲ್ಲ. ಹಾಗಾಗಿ ಅದರಿಂದ ಚೂರು ಶಾಖ ಕಳೆದುಹೋದರೂ ಸಾಕು, ಒಂದಷ್ಟು ಹಬೆ ತಕ್ಷಣ ನೀರಾಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿದಾಗ ಒಳಗಿನಿಂದ ನೀರು ತೊಟ್ಟಿಕ್ಕುತ್ತದಲ್ಲ, ಹಾಗೆ.

ಈಗ ಸಿಲಿಂಡರಿನೊಳಗೆ, ಅಂದರೆ ಹಬೆ ಪಿಸ್ಟನ್ ಅನ್ನುವ ಬಿರಡೆಯನ್ನು ತಳ್ಳಿ ಚಕ್ರ ತಿರುಗಿಸುವ ಕೊಳವೆಯೊಳಗೆ ಬನ್ನಿ. ಪಿಸ್ಟನ್ನನ್ನು ತಳ್ಳಿ ಮುಗಿಸಿದ ಹಬೆ ಹೊರಗೆ ಹೋಗುವಾಗ 100 ಡಿಗ್ರಿಗಿಂತ ಸ್ವಲ್ಪ ಮೇಲಿರುತ್ತದೆ, ಹೋಗುತ್ತಾ ಸಿಲಿಂಡರಿನ ಗೋಡೆಯನ್ನೂ ತಣ್ಣಗೆ ಮಾಡುತ್ತದೆ. ಮರುಕ್ಷಣವೇ 190 ಡಿಗ್ರಿಯ ಹೊಸ ಹಬೆ ಒಳನುಗ್ಗಿ ಆ ಗೋಡೆಗೆ ತಾಕುತ್ತದೆ. ತಾಕಿದ್ದರಲ್ಲಿ ಒಂದು ಪಾಲು ನೀರಾಗಿ ಬಿಡುತ್ತದೆ. ನೀರು ಪಿಸ್ಟನ್ನನ್ನು ತಳ್ಳುವುದಿಲ್ಲ. ಅನ್ಯಾಯ ಇಷ್ಟಕ್ಕೇ ಮುಗಿಯುವುದಿಲ್ಲ. ತಳ್ಳುವ ಕೆಲಸ ಮುಗಿಯುತ್ತಾ ಒತ್ತಡ ಇಳಿದಾಗ ಅದೇ ನೀರು ಗೋಡೆಯ ಶಾಖ ಹೀರಿಕೊಂಡು ಮತ್ತೆ ಹಬೆಯಾಗಿ, ಏನೂ ಕೆಲಸ ಮಾಡದೆ ಚಿಮಣಿಯಲ್ಲಿ ಹೊರಟುಹೋಗುತ್ತದೆ. ಪ್ರತಿ ಸುತ್ತಿನಲ್ಲೂ ಇದೇ ಪಾಡು. ಕೆಲವು ಎಂಜಿನ್‌ಗಳಲ್ಲಿ ಮೂರನೇ ಒಂದು ಭಾಗದಷ್ಟು ಹಬೆ ಹೀಗೆ ಸುಮ್ನೆ ಹಾಳಾಗುತ್ತಿತ್ತು.

ಜೇಮ್ಸ್ ವಾಟ್ ಕೆಟಲ್ ನೋಡಿ ಹಬೆಯ ಶಕ್ತಿ ಕಂಡುಹಿಡಿದ ಅನ್ನುವ ಕಥೆ ಎಲ್ಲರಿಗೂ ಗೊತ್ತು. ಅದನ್ನು ಮರೆತುಬಿಡಿ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ನ್ಯೂಕೊಮನ್ ಅನ್ನುವ ಹಳೆಯ ಹಬೆ ಎಂಜಿನ್ನಿನ ಮಾದರಿಯೊಂದನ್ನು ರಿಪೇರಿ ಮಾಡುತ್ತಿದ್ದಾಗ ವಾಟ್ ಕಂಡದ್ದು ಇದೇ ರೋಗವನ್ನು: ಸಿಲಿಂಡರ್ ತಣ್ಣಗಾಗಿ ಹಬೆ ನುಂಗುವುದನ್ನು. 1765ರಲ್ಲಿ ಅವನು ಪ್ರತ್ಯೇಕ ಕಂಡೆನ್ಸರ್, ಅಂದರೆ ಹಬೆಯನ್ನು ಸಿಲಿಂಡರಿನ ಹೊರಗೆ ತಣ್ಣಗೆ ಮಾಡಿ ನೀರಾಗಿಸುವ ಪಾತ್ರೆ, ಯೋಚಿಸಿದ. ಓಡುವ ರೈಲು ಎಂಜಿನ್ನಿಗೆ ಅಷ್ಟು ದೊಡ್ಡ ಸರಂಜಾಮು ಕಟ್ಟುವುದು ಕಷ್ಟ. ಸ್ವಿಟ್ಜರ್ಲೆಂಡ್ ಮೂಲದ ಅನಾತೋಲ್ ಮಾಲೆ 1876ರಲ್ಲಿ ಫ್ರಾನ್ಸಿನಲ್ಲಿ ಹಬೆಯನ್ನು ಒಂದಾದ ಮೇಲೊಂದು ಎರಡು ಸಿಲಿಂಡರಿನಲ್ಲಿ ದುಡಿಸಿದ. ಒಂದೊಂದರಲ್ಲೂ ಉಷ್ಣತೆಯ ಏರಿಳಿತ ಕಡಿಮೆ, ನಷ್ಟವೂ ಕಡಿಮೆ. ಆದರೆ ಯಂತ್ರ ಜಟಿಲವಾಯಿತು.

ಜರ್ಮನಿಯ ವಿಲ್ಹೆಲ್ಮ್ ಶ್ಮಿಟ್ ಬೇರೆ ದಾರಿ ಹಿಡಿದ. ಬೀಗ ಮಾಡುವ ಕಸುಬು ಕಲಿತು ಬಂದವನು ಅವನು. ಹಬೆಯನ್ನು ನೀರಿನಿಂದ ಬೇರ್ಪಡಿಸಿ, ಸಿಲಿಂಡರಿಗೆ ಬಿಡುವ ಮೊದಲೇ ಇನ್ನೊಮ್ಮೆ ಕಾಯಿಸಿದರೆ? 350 ಡಿಗ್ರಿಗೆ ಕಾಯಿಸಿದ ಹಬೆ ಗೋಡೆಗೆ ಎಷ್ಟೋ ಶಾಖ ಕೊಟ್ಟರೂ ಹಬೆಯಾಗಿಯೇ ಉಳಿಯುತ್ತದೆ. ಜೊತೆಗೆ, ಅಷ್ಟೇ ತೂಕದ ಹಬೆ ಅದೇ ಒತ್ತಡದಲ್ಲಿ ಶೇ. 40ರಷ್ಟು ಜಾಸ್ತಿ ಜಾಗ ತುಂಬುತ್ತದೆ. ಎರಡು ಕಡೆಯಿಂದ ಲಾಭ!

ಜರ್ಮನಿಯದೇ ಭಾಗವಾಗಿದ್ದ ಪ್ರಶ್ಯ ರಾಜ್ಯದ ರೈಲ್ವೆಯಲ್ಲಿದ್ದ ರಾಬರ್ಟ್ ಗಾರ್ಬೆ ಅವನ ಬೆನ್ನಿಗೆ ನಿಂತ. 1898ರಲ್ಲಿ ಮೊದಲ ಎಂಜಿನ್‌ಗಳು ಓಡಿದವು. ಆರಂಭದ ವಿನ್ಯಾಸಗಳು ತೊಂದರೆ ಕೊಟ್ಟವು. ಕೊನೆಗೆ ನಿಂತದ್ದು ಸರಳ ಉಪಾಯ: ಬಾಯ್ಲರಿನಲ್ಲಿ ಬೆಂಕಿಯ ಹೊಗೆ ಹಾಯುವ ಕೊಳವೆಗಳಲ್ಲಿ ಕೆಲವನ್ನು ದಪ್ಪ ಮಾಡಿ, ಅವುಗಳೊಳಗೆ ಹೋಗಿ ತಿರುಗಿ ಬರುವ ಸಣ್ಣ ಹಬೆ ಕೊಳವೆಗಳನ್ನು ತೂರಿಸುವುದು. ಇದಕ್ಕೆ ಸೂಪರ್‌ಹೀಟರ್ ಅಂತ ಹೆಸರು. ಹೊಸ ತಲೆನೋವೂ ಬಂತು. ಅಷ್ಟು ಬಿಸಿಗೆ ಹಳೆಯ ಎಣ್ಣೆಗಳು ಸುಟ್ಟು ಕರಿ ಕಟ್ಟುತ್ತಿದ್ದವು, ಸಿಲಿಂಡರಿಗೆ ಹಬೆ ಬಿಡುವ ಚಪ್ಪಟೆ ಸ್ಲೈಡ್ ವಾಲ್ವ್‌ಗಳು ಸವೆಯುತ್ತಿದ್ದವು. ಖನಿಜ ಎಣ್ಣೆ, ಉರುಳೆಯಾಕಾರದ ಪಿಸ್ಟನ್ ವಾಲ್ವ್ ಬಂದ ಮೇಲೆಯೇ ನೆಮ್ಮದಿ. 1906ರಲ್ಲಿ ಬಂದ ಗಾರ್ಬೆಯ ಪಿ8 ಎಂಜಿನ್ 3,000ಕ್ಕೂ ಹೆಚ್ಚು ತಯಾರಾಯಿತು.

ಇಂಗ್ಲೆಂಡಿನಲ್ಲಿ ಅನುಮಾನ ಇನ್ನೂ ಇತ್ತು. 1909ರಲ್ಲಿ ಎರಡು ರೈಲ್ವೆ ಕಂಪನಿಗಳು ತಮ್ಮ ಎಂಜಿನ್‌ಗಳನ್ನು ಪಣಕ್ಕೆ ಬಿಟ್ಟಂತೆ ಓಡಿಸಿ ನೋಡಿದವು. ಬ್ರೈಟನ್ ಕಂಪನಿಯದು ಐ3 ಅನ್ನುವ ಸೂಪರ್‌ಹೀಟರ್ ಎಂಜಿನ್, ತನ್ನ ಮೈಮೇಲಿನ ಟ್ಯಾಂಕಿನಲ್ಲೇ ನೀರು ಹೊರುವಂಥದ್ದು. ಈಸ್ಟ್ ಕ್ರಾಯ್ಡನ್‌ನಿಂದ ರಗ್ಬಿವರೆಗೆ ಸುಮಾರು 145 ಕಿಲೋಮೀಟರ್, ನಡುವೆ ಒಂದು ತೊಟ್ಟು ನೀರು ತುಂಬಿಸಿಕೊಳ್ಳದೆ ಓಡಿತು. ಸೂಪರ್‌ಹೀಟರ್ ಇಲ್ಲದ ಎದುರಾಳಿಗಿಂತ ಕಲ್ಲಿದ್ದಲೂ ಸುಮಾರು ಮೂರನೇ ಒಂದು ಭಾಗ ಕಡಿಮೆ ಸಾಕಾಯಿತು. ಮರುವರ್ಷವೇ ಆ ಎದುರಾಳಿ ಕಂಪನಿ ಕೂಡ ಸೂಪರ್‌ಹೀಟರ್ ಇರುವ ಹೊಸ ಎಂಜಿನ್ ಕಟ್ಟಿತು.

ನಮ್ಮ ದೇಶದ ಬ್ರಾಡ್‌ಗೇಜ್ ಹಳಿಗಳಿಗೂ ಈ ಗಾಳಿ ಬೀಸಿತು. 1903ರಿಂದ ಇಲ್ಲಿಗಾಗಿ ರೂಪಿಸಿದ ಪ್ರಮಾಣಿತ ಎಂಜಿನ್‌ಗಳಿಗೆ ಎಚ್‌ಪಿ, ಎಸ್‌ಜಿ ಅಂತೆಲ್ಲ ಹೆಸರಿತ್ತು; ಮೊದಲನೆಯದು 'ಹೆವಿ ಪ್ಯಾಸೆಂಜರ್', ಎರಡನೆಯದು 'ಸ್ಟ್ಯಾಂಡರ್ಡ್ ಗೂಡ್ಸ್'. ಸೂಪರ್‌ಹೀಟರ್ ಸಹಿತವಾಗಿಯೇ ತಯಾರಾಗಿ ಬಂದವು ಎಚ್‌ಪಿಎಸ್, ಎಸ್‌ಜಿಎಸ್ ಆದವು. ಹಳೆಯ ಎಸ್‌ಜಿ ಎಂಜಿನ್‌ಗಳನ್ನೂ ಗುಜರಿಗೆ ಹಾಕಲಿಲ್ಲ. ಎಷ್ಟೋ ಎಂಜಿನ್‌ಗಳಿಗೆ ಆಮೇಲೆ ಸೂಪರ್‌ಹೀಟರ್ ಕೂರಿಸಿ, ಎಸ್‌ಜಿಸಿ ಅಂತ ಹೆಸರು ಬದಲಿಸಿ ಮತ್ತೆ ಹಳಿಗೆ ಬಿಟ್ಟರು.