ನೀರು ಕುಡಿಯುವ ಡೇರೆ

ಅಕ್ಟೋಬರ್ ಬಂತೆಂದರೆ ಅಮೆರಿಕದ ರಾಕಿ ಪರ್ವತಗಳಲ್ಲಿ ಎಲ್ಕ್ ಬೇಟೆಯ ಕಾಲ. ಎಲ್ಕ್ ನಮ್ಮ ಕಡವೆಯ ನೆಂಟ, ಮೈಯಲ್ಲಿ ಅದಕ್ಕಿಂತ ದೊಡ್ಡದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತಡೆ ಹಾಕಿದೆ. ಕೊಲರಾಡೊ, ಮೊಂಟಾನಾ, ಐಡಹೊಗಳಲ್ಲಿ ಆಯಾ ರಾಜ್ಯದ ವನ್ಯಜೀವಿ ಇಲಾಖೆಯೇ ದಿನ ಗೊತ್ತುಮಾಡಿ ಪರವಾನಗಿ ಕೊಡುತ್ತದೆ. ನಾಲ್ಕೈದು ಮಂದಿ ಸೇರಿ ಬೆಟ್ಟದ ಮೇಲೆ ಬೀಡುಬಿಡುತ್ತಾರೆ. ಹಗಲೆಲ್ಲ ಏರು ಹತ್ತಿ ಬೆವರುತ್ತಾರೆ, ಸಂಜೆ ಹಿಮದಲ್ಲಿ ನೆನೆಯುತ್ತಾರೆ, ರಾತ್ರಿ ತಾಪಮಾನ ಸೊನ್ನೆಗಿಂತ ಕೆಳಗಿಳಿಯುತ್ತದೆ. ಒದ್ದೆ ಬಟ್ಟೆ ಬೆಳಗಾಗುವುದರೊಳಗೆ ಒಣಗದಿದ್ದರೆ ಮಾರನೆಯ ದಿನ ಮೈ ಬಿಸಿ ಉಳಿಸಿಕೊಳ್ಳುವುದೇ ಕಷ್ಟ.

ಅಂಥ ಕಡೆ ಇಂದಿಗೂ ಕಾಣುವುದು ವಾಲ್ ಟೆಂಟ್, ಅಂದರೆ ನೆಟ್ಟಗೆ ನಿಂತ ಗೋಡೆಗಳ ಕ್ಯಾನ್ವಾಸ್ ಡೇರೆ. 12 ಅಡಿಗೆ 14 ಅಡಿಯ ಡೇರೆಯ ಬಟ್ಟೆಯೊಂದೇ ಸುಮಾರು 20 ಕಿಲೋ ತೂಗುತ್ತದೆ. ಮುಷ್ಟಿಯಷ್ಟಕ್ಕೆ ಮಡಚಿಕೊಳ್ಳುವ ನೈಲಾನ್ ಸಿಗುವ ಈ ಕಾಲದಲ್ಲಿ ಇಷ್ಟು ಭಾರವನ್ನು ಕುದುರೆಯ ಮೇಲೆ ಹೇರಿಕೊಂಡು ಹೋಗುವುದೇಕೆ? ಕಾರಣ ಹತ್ತಿಯ ಎಳೆಯಲ್ಲಿದೆ.

ಹತ್ತಿ ಬಹುಪಾಲು ಸೆಲ್ಯುಲೋಸ್. ಅದಕ್ಕೆ ನೀರೆಂದರೆ ಬಲು ಸೆಳೆತ. ಒದ್ದೆಯಾದ ಎಳೆ ಉದ್ದಕ್ಕೆ ಹೆಚ್ಚು ಬೆಳೆಯುವುದಿಲ್ಲ, ದಪ್ಪಕ್ಕೆ ಊದಿಕೊಳ್ಳುತ್ತದೆ. ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಹೀಗೆ ಊದಿದ ನೂಲುಗಳು ಪಕ್ಕದ ಸಂದುಗಳನ್ನು ತುಂಬಿ ಮಳೆಹನಿಗೆ ದಾರಿ ಮುಚ್ಚುತ್ತವೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಮ್ಯಾಂಚೆಸ್ಟರ್‌ನ ಶರ್ಲಿ ಇನ್‌ಸ್ಟಿಟ್ಯೂಟ್ ಇದೇ ಗುಣವನ್ನು ನಂಬಿ ವೆಂಟೈಲ್ ಎಂಬ ಹತ್ತಿಬಟ್ಟೆಯನ್ನು ರೂಪಿಸಿತು. ಹಿಮಗಡಲಿಗೆ ಬಿದ್ದ ಬ್ರಿಟಿಷ್ ವಿಮಾನ ಚಾಲಕರ ಜೀವ ಉಳಿಸುವ ಉಡುಪಿಗಾಗಿ ಹುಟ್ಟಿದ ಬಟ್ಟೆ ಅದು. ಹೊಸ ಡೇರೆಯನ್ನು ಮೊದಲು ಮನೆಯಂಗಳದಲ್ಲೇ ಕಟ್ಟಿ, ನೀರು ಹಾಯಿಸಿ ನೆನೆಸಿ ಒಣಗಿಸುವ ರೂಢಿಗೂ ಇದೇ ಆಧಾರ. ಹೊಲಿಗೆಯಲ್ಲಿ ಸೂಜಿ ಮಾಡಿದ ತೂತುಗಳು ಆಗ ಬಿಗಿದುಕೊಳ್ಳುತ್ತವೆ.

ಆದರೆ ನನಗೆ ಹೆಚ್ಚು ಸೋಜಿಗವೆನಿಸುವುದು ಹೊರಗಿನ ಮಳೆಯ ಕಥೆಯಲ್ಲ, ಒಳಗಿನ ತೇವದ್ದು. ಮಲಗಿರುವ ಮನುಷ್ಯನ ಉಸಿರು ಮತ್ತು ಚರ್ಮದಿಂದ ಒಂದು ರಾತ್ರಿಯಲ್ಲಿ ಸುಮಾರು ಕಾಲು ಲೀಟರ್ ನೀರು ಆವಿಯಾಗಿ ಹೊರಬೀಳುತ್ತದೆ. ನಾಲ್ವರಿದ್ದರೆ ಒಂದು ಲೀಟರ್. ನೀರು ತಡೆಯುವ ಲೇಪವಿರುವ ನೈಲಾನ್ ಡೇರೆಯಲ್ಲಿ ಆ ಆವಿ ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ, ಹಾಸಿಗೆಯ ಮೇಲೇ ತೊಟ್ಟಿಕ್ಕುತ್ತದೆ. ಕ್ಯಾನ್ವಾಸ್‌ನಲ್ಲಿ ಒಂದಷ್ಟು ಆವಿ ನೇಯ್ಗೆಯ ಸಂದಿನಿಂದ ಆಚೆ ಹೋಗುತ್ತದೆ, ಇನ್ನಷ್ಟನ್ನು ನೂಲೇ ಕುಡಿಯುತ್ತದೆ. ಸಾಧಾರಣ ಹವೆಯಲ್ಲೇ ಹತ್ತಿ ತನ್ನ ತೂಕದ ಶೇ 7-8ರಷ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಗಾಳಿ ತೇವಗೊಂಡಂತೆ ಆ ಪಾಲು ಎರಡರಷ್ಟಾಗಬಲ್ಲದು. ಲೆಕ್ಕ ಹಾಕಿ ನೋಡಿ: 20 ಕಿಲೋ ಬಟ್ಟೆಗೆ ಆ ಒಂದು ಲೀಟರ್ ನೀರು ಒಂದು ಹನಿಯೂ ಕಾಣದಂತೆ ನುಂಗುವಷ್ಟೇ. ಹೊರಲು ತೊಡಕೆನಿಸುವ ಆ ತೂಕವೇ ಇಲ್ಲಿ ಕೆಲಸಕ್ಕೆ ಬರುತ್ತದೆ.

ಕುಡಿದದ್ದನ್ನು ಮತ್ತೆ ಬಿಡಿಸಲು ಬೆಂಕಿ ಬೇಕು. ಹಾಗಾಗಿ ಡೇರೆ ಆರಿಸುವವರು ಒಲೆಯನ್ನೂ ಜೊತೆಗೇ ಆರಿಸಬೇಕು. ಇದರಲ್ಲಿ ನನ್ನ ನಿಲುವು ಖಚಿತ: ಕೊಳವೆಯುಳ್ಳ ಸೌದೆ ಒಲೆಯೇ ಸರಿ. ಹೊಗೆಕೊಳವೆಯಿಲ್ಲದ ಪ್ರೊಪೇನ್ ಹೀಟರ್ ಹಗುರ, ಹಚ್ಚುವುದೂ ಸುಲಭ. ಆದರೆ ಒಂದು ಕಿಲೋ ಪ್ರೊಪೇನ್ ಉರಿದಾಗ 1.6 ಕಿಲೋ ನೀರು ಹುಟ್ಟುತ್ತದೆ, ಅದೆಲ್ಲ ಡೇರೆಯೊಳಗೇ ಉಳಿಯುತ್ತದೆ. ಬಟ್ಟೆ ಒಣಗಿಸಲೆಂದು ಹಚ್ಚಿದ ಉರಿ ತಾನೇ ತೇವ ತುಂಬಿದಂತಾಯಿತು. ಸೌದೆ ಒಲೆ ತನ್ನ ಹೊಗೆ, ಆವಿಗಳನ್ನು ಕೊಳವೆಯಿಂದ ಆಚೆ ಕಳಿಸಿ, ಸಂದುಗಳಿಂದ ಹೊಸ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಲೆ ಯಾವುದೇ ಇರಲಿ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಮಲಗಲೇಬಾರದು. ಆ ಅನಿಲಕ್ಕೆ ವಾಸನೆಯಿಲ್ಲ.

ಬೆಂಕಿಯ ಪಕ್ಕದಲ್ಲಿ ಹತ್ತಿ ಎಂದಾಗ ಭಯವಾಗುವುದು ಸಹಜ. 1944ರ ಜುಲೈ 6ರಂದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 160ಕ್ಕೂ ಹೆಚ್ಚು ಜನ ಸತ್ತರು. ಮಳೆ ತಡೆಯಲೆಂದು ಆ ಬಟ್ಟೆಗೆ ಪ್ಯಾರಫಿನ್ ಮೇಣವನ್ನು ಪೆಟ್ರೋಲಿನಲ್ಲಿ ಕರಗಿಸಿ ಹಚ್ಚಿದ್ದರು. ಇಂದು ಬೆಂಕಿ ನಿಧಾನಿಸುವ ರಾಸಾಯನಿಕ ಉಣಿಸಿದ ಕ್ಯಾನ್ವಾಸ್ ಸಿಗುತ್ತದೆ. ಬೆಲೆ ಹೆಚ್ಚಾದರೂ ಒಲೆಯಿಡುವ ಡೇರೆಗೆ ಅದನ್ನೇ ಕೊಳ್ಳಬೇಕು. ಕೊಳವೆ ಹಾಯುವ ಕಡೆ ಶಾಖ ತಾಳುವ ಗಾಜಿನೆಳೆಯ ತೇಪೆ ಇದೆಯೇ ನೋಡಬೇಕು. ಕಿಡಿ ಬಿದ್ದ ಕಡೆ ನೈಲಾನ್ ಕರಗಿ ತೂತಾಗುತ್ತದೆ. ಹತ್ತಿ ಕರಗುವುದಿಲ್ಲ, ಕರಿಯಾಗುತ್ತದೆ. ಹಾಗೆಂದು ಅದು ಉರಿಯದ ಬಟ್ಟೆಯಲ್ಲ.

ಬಟ್ಟೆಯ ದಪ್ಪವನ್ನು ಅಲ್ಲಿ ಚದರ ಗಜಕ್ಕೆ ಇಷ್ಟು ಔನ್ಸ್ ಎಂದು ಅಳೆಯುತ್ತಾರೆ. 10 ಔನ್ಸ್ ಎಂದರೆ ಚದರ ಮೀಟರಿಗೆ ಸುಮಾರು 340 ಗ್ರಾಂ. ಹೆಚ್ಚಿನವರಿಗೆ ಇದು ಸಾಕು. ತಿಂಗಳುಗಟ್ಟಲೆ ಕಟ್ಟಿಯೇ ಇಡುವವರು 12 ಔನ್ಸ್ ಕೊಂಡರೆ ಬಾಳಿಕೆ ಹೆಚ್ಚು. ಔನ್ಸಿಗಿಂತ ನೇಯ್ಗೆಯನ್ನು ನೋಡುವುದು ಮುಖ್ಯ: ಎರಡೆರಡು ಎಳೆ ಹುರಿಮಾಡಿ ಒತ್ತಾಗಿ ನೇಯ್ದದ್ದು ಬೇಕು.

ಹಿಮದ ಭಾರವನ್ನು ಹೊಸಬರು ಮರೆತೇಬಿಡುತ್ತಾರೆ. ಹೊಸದಾಗಿ ಬಿದ್ದ ಹಗುರ ಹಿಮ ಘನ ಮೀಟರಿಗೆ 100 ಕಿಲೋ ಎಂದುಕೊಂಡರೂ, 12×14 ಅಡಿಯ ಚಾವಣಿಯ ಮೇಲೆ ಒಂದಡಿ ಕೂತರೆ 450 ಕಿಲೋ ದಾಟುತ್ತದೆ. ಒದ್ದೆ ಹಿಮವಾದರೆ ಇನ್ನೂ ಎಷ್ಟೋ ಹೆಚ್ಚು. ಆದ್ದರಿಂದ ಚಾವಣಿ ಕಡಿದಾಗಿರಬೇಕು, ಒಳಗೆ ಗಟ್ಟಿ ಚೌಕಟ್ಟಿರಬೇಕು. ಕಾಡಿನಲ್ಲೇ ಪೈನ್ ಮರದ ಗಳುಗಳನ್ನು ಕಡಿದು ನಿಲ್ಲಿಸುವುದು ಹಳೆಯ ಕ್ರಮ, ಈಗ ಉಕ್ಕಿನ ಅಥವಾ ಅಲ್ಯೂಮಿನಿಯಂ ಕೊಳವೆಗಳು ಸಿಗುತ್ತವೆ. ಬೇಕಿರುವುದಕ್ಕಿಂತ ದೊಡ್ಡ ಡೇರೆ ಒಯ್ಯುವುದರಲ್ಲಿ ಅರ್ಥವಿಲ್ಲ, ಒಳಗಿನ ಅಷ್ಟೂ ಗಾಳಿಯನ್ನು ಸೌದೆಯೇ ಕಾಯಿಸಬೇಕು.

ಸೆಲ್ಯುಲೋಸ್ ಬೂಷ್ಟಿಗೂ ಆಹಾರ. ಮನೆಗೆ ಮರಳಿದ ಮೇಲೆ ಡೇರೆಯನ್ನು ಮತ್ತೊಮ್ಮೆ ಬಿಸಿಲಿಗೆ ಹರವಿ, ಹೊಲಿಗೆಗಳು ದಪ್ಪಗಿರುವ ಮೂಲೆಗಳನ್ನು ಕೈಯಿಂದ ಮುಟ್ಟಿ ನೋಡಿ, ಪೂರ್ತಿ ಒಣಗಿದ ಮೇಲಷ್ಟೇ ಮಡಚಬೇಕು.