ಕೀ ಜಾಸ್ತಿ ಕೊಟ್ಟರೆ ವಾಚ್ ನಿಲ್ಲುತ್ತಾ?

ಪ್ರಶ್ನೆ: ನಮ್ಮ ಅಜ್ಜನ ಪಾಕೆಟ್ ವಾಚ್ ಇದೆ. ಯಾರೋ ಕೀ ಜಾಸ್ತಿ ಕೊಟ್ಟು, ಸ್ಪ್ರಿಂಗ್ ಟೈಟಾಗಿ ನಿಂತುಹೋಗಿದೆ. ಆನ್‌ಲೈನ್‌ನಲ್ಲಿ ಸಿಗುವ ರಿಪೇರಿ ಕಿಟ್ ತರಿಸಿ ನಾನೇ ಬಿಚ್ಚಿ ಸಡಿಲ ಮಾಡಬಹುದಾ? ಅದೇ ಕಿಟ್‌ನಲ್ಲಿ ಮಗನ ಹಳೇ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಗೇಮ್‌ಬಾಯ್ ಕೂಡ ಬಿಚ್ಚಬಹುದಾ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಈ ಪ್ರಶ್ನೆ ನನಗೆ ಮದುವೆ ಮನೆಯಲ್ಲೂ ಬರುತ್ತದೆ, ಮಂಡಿಪೇಟೆಯಲ್ಲಿ ಸಾಮಾನು ಕಟ್ಟಿಸಿಕೊಳ್ಳುವಾಗಲೂ ಬರುತ್ತದೆ. ಇವತ್ತು ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಕಿಟ್ ವಿಷಯ. ಬೇಡ. ನಾನು ತರಿಸಿ ನೋಡಿದ್ದೇನೆ. 147 ತುಣುಕಿನ ಕಿಟ್ ಅಂತ ಬಂತು. ಎಣಿಸಿದರೆ ಅದರಲ್ಲಿ 108 ತುಣುಕು ಕೈಗಡಿಯಾರಕ್ಕೆ ಬೆಲ್ಟ್ ಸಿಕ್ಕಿಸುವ ಸಣ್ಣ ಪಿನ್ನುಗಳು! ಪಾಕೆಟ್ ವಾಚಿಗೆ ಬೆಲ್ಟ್ ಎಲ್ಲಿದೆ? ಮುಚ್ಚಳ ತೆಗೆಯುವ ಮೂರು ಕಾಲಿನ ಓಪನರ್ ಇತ್ತು. ಅದು ಮುಚ್ಚಳದಲ್ಲಿ ಕಚ್ಚು ಇರುವ ಕೈಗಡಿಯಾರಕ್ಕೆ. ಹಳೇ ಪಾಕೆಟ್ ವಾಚಿನ ಹಿಂದಿನ ಮುಚ್ಚಳ ಸಾಮಾನ್ಯವಾಗಿ ಅಂಗೈ ಒತ್ತಿ ತಿರುಗಿಸಿದರೆ ಬಿಚ್ಚುತ್ತದೆ, ಇಲ್ಲವೇ ಅಂಚಿನಲ್ಲಿ ಉಗುರು ಕೊಟ್ಟರೆ ಏಳುತ್ತದೆ. ಕಿಟ್‌ನ ಸ್ಕ್ರೂಡ್ರೈವರ್ ತುದಿ ಮೊದಲ ಸ್ಕ್ರೂಗೇ ಬಾಗಿತು. ಜೊತೆಗೆ ಸ್ಕ್ರೂವಿನ ತಲೆಯನ್ನೂ ಕೆಡಿಸಿತು. ಅದಕ್ಕೆ ನನಗೆ ಈಗಲೂ ಬೇಜಾರಿದೆ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಅಂದರೆ ಒಂದು ಐಗ್ಲಾಸ್, ಗಟ್ಟಿ ಉಕ್ಕಿನ ಎರಡು ಚಪ್ಪಟೆ ಸ್ಕ್ರೂಡ್ರೈವರ್, ಒಂದು ಒಳ್ಳೆ ಚಿಮಟ. ಶುರುವಿಗೆ ಇಷ್ಟು ಸಾಕು.

ಗೇಮ್‌ಬಾಯ್‌ಗೆ ಇದು ಆಗುವುದಿಲ್ಲ. ಅದರ ಮೈಗೆ ಹಾಕಿರುವ ಸ್ಕ್ರೂ ತಲೆಯಲ್ಲಿ ಮೂರು ಗೀರು ಇರುತ್ತವೆ. ಟ್ರೈ-ವಿಂಗ್ ಸ್ಕ್ರೂಡ್ರೈವರ್ ಅಂತ ಕೇಳಿ ತಗೊಳ್ಳಿ. ಚಪ್ಪಟೆ ತುದಿ ತುರುಕಿ ತಿರುಗಿಸಿದರೆ ಸ್ಕ್ರೂ ಸವೆದು, ಆಮೇಲೆ ಯಾವುದಕ್ಕೂ ಬಗ್ಗುವುದಿಲ್ಲ.

ಈಗ ನಿಜವಾದ ವಿಷಯ. ಕೀ ಜಾಸ್ತಿಯಾಗಿ ವಾಚ್ ನಿಂತಿದೆ ಅನ್ನುತ್ತೀರಲ್ಲ, ಅಂಥ ಕಾಯಿಲೆಯೇ ಇಲ್ಲ. ದಯವಿಟ್ಟು ಇದೊಂದು ಮಾತು ನಂಬಿ.

ಕೀ ಕೊಡುವುದು ಅಂದರೆ ಏನು? ಬ್ಯಾರಲ್ ಅನ್ನುವ ಡಬ್ಬಿಯೊಳಗೆ ಉದ್ದನೆಯ ಪಟ್ಟಿ ಸ್ಪ್ರಿಂಗ್ ಇದೆ. ಅದರ ಒಂದು ತುದಿ ನಡುವಿನ ಕಡ್ಡಿಗೆ, ಇನ್ನೊಂದು ತುದಿ ಡಬ್ಬಿಯ ಗೋಡೆಗೆ ಸಿಕ್ಕಿಸಿರುತ್ತದೆ. ಕೀ ಕೊಟ್ಟಂತೆ ಪಟ್ಟಿ ಕಡ್ಡಿಯ ಸುತ್ತ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಪೂರ್ತಿ ಸುತ್ತಿದ ಮೇಲೆ ಬೆರಳಿಗೆ ಗಟ್ಟಿ ತಾಗುತ್ತದೆ, ಮುಂದೆ ಹೋಗುವುದಿಲ್ಲ. ವಾಚ್ ಮಾಡಿದವರು ದಿನಾ ಅಲ್ಲಿಗೇ ತಲುಪಲಿ ಅಂತಲೇ ಹಾಗೆ ಮಾಡಿದ್ದಾರೆ.

ಸ್ಪ್ರಿಂಗ್ ಬಿಚ್ಚಿಕೊಳ್ಳಬೇಕಾದರೆ ಚಕ್ರಗಳು ತಿರುಗಬೇಕು. ಎಣ್ಣೆ ಒಣಗಿ ಅಂಟಾಗಿದೆ, ಜೇಬಿನ ನೂಲು, ಧೂಳು ಸೇರಿದೆ. ಚಕ್ರ ತಿರುಗುತ್ತಿಲ್ಲ. ಆಗ ಸ್ಪ್ರಿಂಗ್ ಸುತ್ತಿದ್ದು ಸುತ್ತಿದ ಹಾಗೇ ಇರುತ್ತದೆ. ನೀವು ಬಂದು ಕೀ ಮುಟ್ಟುತ್ತೀರಿ, ಟೈಟ್! ಕೂಡಲೇ ಕೀ ಜಾಸ್ತಿ ಆಯಿತು ಅನ್ನುತ್ತೀರಿ.

ನಮ್ಮ ಕಡೆಯವರಿಗೆ ಇದು ಅರ್ಥವಾಗಲೇಬೇಕು. ಭದ್ರಾ ಡ್ಯಾಂ ತುಂಬಿದೆ, ಕೊನೆ ಭಾಗದ ಗದ್ದೆಗೆ ನೀರು ಬಂದಿಲ್ಲ. ಡ್ಯಾಂ ಜಾಸ್ತಿ ತುಂಬಿದ್ದಕ್ಕೇ ನೀರು ಬರಲಿಲ್ಲ ಅಂತ ಯಾವ ರೈತರಾದರೂ ಹೇಳುತ್ತಾರಾ? ಕಾಲುವೆಯಲ್ಲಿ ಹೂಳು ಇದೆಯಾ ಅಂತ ನೋಡುತ್ತಾರೆ, ಅಲ್ವಾ?

‘ಮತ್ತೆ ಸ್ಪ್ರಿಂಗ್ ಮುರಿಯುತ್ತಲ್ಲ ಸರ್?’ ಅಂತ ಇನ್ನೂ ಕೆಲವರು ಬಿಡುವುದಿಲ್ಲ. ಮುರಿಯುತ್ತದೆ. ಹಳೇ ಉಕ್ಕಿನ ಸ್ಪ್ರಿಂಗ್ ದಣಿದು, ತುಕ್ಕು ಹಿಡಿದು ತಾನಾಗಿಯೇ ಮುರಿಯುವುದುಂಟು. ಆದರೆ ಸ್ಪ್ರಿಂಗ್ ಮುರಿದ ವಾಚಿನ ಕೀ ಟೈಟಾಗುವುದಿಲ್ಲ. ಎಷ್ಟು ತಿರುಗಿಸಿದರೂ ಸುಮ್ನೆ ತಿರುಗುತ್ತಲೇ ಇರುತ್ತದೆ. ನಿಮ್ಮದು ಟೈಟಾಗಿದೆ. ಅಂದರೆ ನಿಮ್ಮ ಅಜ್ಜನ ವಾಚಿನ ಸ್ಪ್ರಿಂಗ್ ಗಟ್ಟಿಯಾಗಿದೆ. ಸಂತೋಷದ ಸುದ್ದಿ ಅದು.

ಈ ತಪ್ಪು ನಂಬಿಕೆಯ ಬಗ್ಗೆ ನಾನು ಇಷ್ಟು ಹೇಳುವುದಕ್ಕೆ ಕಾರಣ ಇದೆ. ಸಡಿಲ ಮಾಡಲು ಅಂತ ಬಿಚ್ಚುವವರು ತುಂಬಿದ ಸ್ಪ್ರಿಂಗ್ ಮೇಲೇ ಸ್ಕ್ರೂ ತೆಗೆಯುತ್ತಾರೆ. ಕೂಡಿಟ್ಟ ಬಲವೆಲ್ಲ ಒಂದೇ ಸಲ ಹರಿದು ಚಕ್ರಗಳು ಗಿರ್ರನೆ ತಿರುಗುತ್ತವೆ. ಹಲ್ಲು ಮುರಿಯುತ್ತದೆ, ಕೂದಲೆಳೆಯಂಥ ಅಚ್ಚಿನ ತುದಿ ಹೋಗುತ್ತದೆ. ಕೀ ಹಿಂದಕ್ಕೆ ತಿರುಗದ ಹಾಗೆ ತಡೆಯುವ ಕ್ಲಿಕ್ ಅನ್ನುವ ಸಣ್ಣ ಕೊಂಡಿ ಇದೆ. ಕೀ ಬಿಗಿಯಾಗಿ ಹಿಡಿದು, ಆ ಕೊಂಡಿ ಸರಿಸಿ, ಬೆರಳ ಸಂದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಡಬೇಕು. ಕಲಿಯದೆ ಮಾಡಬೇಡಿ. ಹಳೇ ಕೈಯ ರಿಪೇರಿಯವರ ಹತ್ತಿರ ಕೊಟ್ಟು, ‘ಪೂರ್ತಿ ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕಿ’ ಅಂತಲೇ ಹೇಳಿ. ಮನೆಯಲ್ಲಿ ಕೊಬ್ಬರಿ ಎಣ್ಣೆ ಬಿಡಬೇಡಿ, ಚಳಿಗೆ ಅದು ಹೆಪ್ಪುಗಟ್ಟುತ್ತದೆ. ಅನೇಕ ಹಳೇ ವಾಚುಗಳ ಬ್ಯಾಲೆನ್ಸ್ ವೀಲ್, ಅಂದರೆ ಅತ್ತಿತ್ತ ಆಡುತ್ತಾ ವಾಚಿನ ವೇಗ ಕಾಯುವ ಚಕ್ರ, ಗಂಟೆಗೆ 18,000 ಸಲ ಬಡಿಯುತ್ತದೆ. ದಿನಕ್ಕೆ 4,32,000 ಸಲ. ಅಷ್ಟು ದುಡಿಯುವ ಯಂತ್ರಕ್ಕೆ ಸರಿಯಾದ ಎಣ್ಣೆಯನ್ನೇ ಕೊಡಬೇಕು. ವಾಪಸ್ ಬಂದ ಮೇಲೆ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ, ಗಟ್ಟಿ ತಾಗುವವರೆಗೂ ಧೈರ್ಯವಾಗಿ ಕೀ ಕೊಡಿ.

ನೀವು ಕೇಳಿಲ್ಲ, ಆದರೂ ಗೇಮ್‌ಬಾಯ್ ಬಗ್ಗೆ ಒಂದು ಮಾತು. 1989ರಲ್ಲಿ ಬಂದ ಮೊದಲ ಗೇಮ್‌ಬಾಯ್‌ಗೆ 4 ಪೆನ್ಸಿಲ್ ಸೆಲ್ ಬೇಕು. ಅದು ಎಲ್ಲರಿಗೂ ಗೊತ್ತು. ಆದರೆ ಆಟ ತುಂಬಿರುವ ಸಣ್ಣ ಡಬ್ಬಿಗೆ ಕಾರ್ಟ್ರಿಜ್ ಅನ್ನುತ್ತಾರೆ; ಆಟವನ್ನು ಸೇವ್ ಮಾಡುವ ಹಲವು ಕಾರ್ಟ್ರಿಜ್‌ಗಳ ಒಳಗೂ ಬಟನ್ ಸೆಲ್ ಇರುತ್ತದೆ. ಆಡಿದ ಆಟ ನೆನಪಿನಲ್ಲಿ ಉಳಿಯುವುದು ಅದರಿಂದಲೇ. ಆಟ ಚೆನ್ನಾಗಿ ನಡೆದು, ಆಫ್ ಮಾಡಿದ ಮೇಲೆ ಸೇವ್ ಮಾಯವಾದರೆ ಮೊದಲ ಅನುಮಾನ ಆ ಸೆಲ್ ಮೇಲೆ. ಅದನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ, ಕಿತ್ತ ಕೂಡಲೇ ಉಳಿದ ಸೇವ್ ಕೂಡ ಹೋಗುತ್ತದೆ. ಮಗ ಚಿಕ್ಕವನಿದ್ದಾಗ ಆಡಿದ್ದು ಅದರಲ್ಲಿ ಇನ್ನೂ ಇದ್ದರೆ, ಬಿಚ್ಚುವ ಮೊದಲು ಅವನನ್ನು ಒಂದು ಮಾತು ಕೇಳಿ.